ಹೊರಕೋಣೆಯಲ್ಲಿ ಕೂರುವವಳು

ಅಕ್ಕನ ಕೆಲಸವೇನೆಂದು ಯಾರಾದರೂ ಕೇಳಿದರೆ "ಕೂತ್ಕೊಳ್ಳೋದು" ಅನ್ನುತ್ತಿದ್ದಳು. ಕೇಳಿದವರಿಗೆ ನಗು ಬರುತ್ತಿತ್ತು. ಸುಮ್ಮನೆ ಕೂತವರಿಗೆ ಯಾರು ಊಟ ಹಾಕುತ್ತಾರೆ ಎಂದು ಚುಚ್ಚಿದವರೂ ಉಂಟು. ಅಂಥವರಿಗೆ ಅವಳು, "ನಿಮ್ಮ ಆಫೀಸಲ್ಲಿ ಏನು ನಿಂತ್ಕೊಂಡು ಕೆಲಸ ಮಾಡ್ತಾರಾ?" ಎಂದು ಹೇಳಿ ಮತ್ತೆ ಹೊಲಿಗೆ ಯಂತ್ರದ ಮೇಲೆ ಬಗ್ಗಿಬಿಡುತ್ತಿದ್ದಳು.

ನನ್ನ ಔಷಧಿ ಅಂಗಡಿ ಅವಳ ಬೀದಿಯ ಮೂಲೆಯಲ್ಲಿದೆ. ಮೈ ಮಾರಿ ಬದುಕುವ ಹೆಂಗಸರ ಬೀದಿ ಅದು. ಊರವರು ಅದನ್ನು ಹಿಂದಿನ ಬೀದಿ ಅನ್ನುತ್ತಾರೆ, ಅದು ಯಾವುದರ ಹಿಂದೆಯೂ ಇಲ್ಲದಿದ್ದರೂ. ಅಲ್ಲಿಗೆ ಹೋಗುತ್ತೇನೆ ಅನ್ನುವ ಗಂಡಸು ಈ ಊರಲ್ಲಿ ಒಬ್ಬನೂ ಇಲ್ಲ, ಬೇಕಾದರೆ ವಿಚಾರಿಸಿ ನೋಡಿ. ಆದರೂ ಅಲ್ಲಿನ ಮೆಟ್ಟಿಲುಗಳೆಲ್ಲ ಸವೆದು ಗುಂಡಿ ಬಿದ್ದಿವೆ. ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡವಳಿಗೆ ಯಾರ ಬೆನ್ನು ಯಾವ ಕಡೆ ತಿರುಗುತ್ತದೆ ಎಂದು ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬಾಯಿಬಿಡದೆ ಇರುವುದರಿಂದಲೇ ನನ್ನ ವ್ಯಾಪಾರ ನಡೆದಿದೆ.

ಬೀದಿಯ ಮೊದಲ ಮನೆ ಅಕ್ಕನದು; ಬೀದಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು, ನಾನೂ. ಎರಡೇ ಕೋಣೆ. ಒಳಕೋಣೆ ತಂಗಿಯದು, ಹೊರಕೋಣೆ ಅಕ್ಕನದು. ಹೊರಕೋಣೆಯಲ್ಲಿ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರ, ಒಂದು ಬೆಂಚು, ಬಂದವರು ಚಪ್ಪಲಿ ಬಿಡಲು ಒಂದು ಗೋಣಿತಾಟು. ಆ ಬೀದಿಯ ಹೆಂಗಸರು ಯಾರೂ ಬರೆದಿಡದ, ಆದರೆ ಯಾರೂ ಮುರಿಯಬಾರದ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದರು. ಹೊರಕೋಣೆಯಲ್ಲಿ ಒಬ್ಬಳು ಕೂತಿರದಿದ್ದರೆ ಒಳಕೋಣೆಯ ಬಾಗಿಲು ಹಾಕುವಂತಿಲ್ಲ. ಗಿರಾಕಿ ಎಂಥ ದೊಡ್ಡ ಮನುಷ್ಯನಾದರೂ ಸರಿ, ಎಷ್ಟು ವರ್ಷದ ಪರಿಚಯವಾದರೂ ಸರಿ. ಕೂತವಳು ಆಗಾಗ ಗೋಡೆಗೆ ಎರಡು ಸಲ ತಟ್ಟಬೇಕು. ಒಳಗಿನವಳು ತಿರುಗಿ ತಟ್ಟಬೇಕು. ತಿರುಗಿ ತಟ್ಟದಿದ್ದರೆ ಹೊರಗಿನವಳು ಬಾಗಿಲು ತೆರೆದು ಒಳಗೆ ಹೋಗಬೇಕು, ಅಲ್ಲಿ ಯಾರು ಯಾವ ಸ್ಥಿತಿಯಲ್ಲಿದ್ದರೂ. ಅಕ್ಕ ತಟ್ಟುತ್ತಿದ್ದದ್ದು ತನ್ನ ದೊಡ್ಡ ಕತ್ತರಿಯ ಹಿಡಿಯಿಂದ.

"ತಟ್ಟೋದು ಆಮೇಲಿನ ಮಾತು" ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. "ಬಂದವನ ಮುಖ ನೋಡ್ಬಿಡ್ಬೇಕು ಮೊದಲು. ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಚಪ್ಪಲಿ ಇಲ್ಲಿ ಬಿಡಪ್ಪ ಅನ್ಬೇಕು. ಅರ್ಧ ಜನ ಅಷ್ಟಕ್ಕೇ ಮರ್ಯಾದಸ್ಥರಾಗ್ತಾರೆ."

"ಇನ್ನರ್ಧ?"

"ಅವರಿಗೆ ಕತ್ತರಿ ಕಾಣೋ ಹಾಗೆ ಬಟ್ಟೆ ಕತ್ತರಿಸ್ತೀನಿ."

ಅಕ್ಕ ತಾನೂ ಒಂದು ಕಾಲದಲ್ಲಿ ಒಳಕೋಣೆಯವಳೇ. ಮದುವೆ ಮಾಡಿಕೊಳ್ಳುತ್ತೇನೆ ಅಂದವನ ಬೆನ್ನು ಹತ್ತಿ ಈ ಊರಿಗೆ ಬಂದವಳು. ಬಸ್ಸಿಳಿದ ಮೇಲೆ ಅವನು ಬೆಂಕಿಪೆಟ್ಟಿಗೆ ತರುತ್ತೇನೆಂದು ಹೋದ. "ಇನ್ನೂ ಬಂದಿಲ್ಲ. ಎಲ್ಲೋ ಮರ ಕಡಿದು ಕಡ್ಡಿ ಸೀಳ್ತಾ ಇರ್ಬೇಕು ಪಾಪ" ಅನ್ನುತ್ತಿದ್ದಳು. ಆ ಮಾತಿಗೆ ಎಲ್ಲರೂ ನಗುತ್ತಿದ್ದರು. ನಾನು ಮೊದಮೊದಲು ನಗುತ್ತಿದ್ದೆ, ಆಮೇಲೆ ನನಗೆ ನಗು ಬರುವುದು ನಿಂತಿತು. ಅವಳಿಗಾಗಿ ಹೊರಗೆ ಕೂರುತ್ತಿದ್ದವಳು ಒಬ್ಬ ಮುದುಕಿ. ಮುದುಕಿ ತೀರಿಕೊಂಡ ವಾರ ಬೇರೆ ಯಾರೂ ಸಿಗದೆ, ಬಾಡಿಗೆ ಕೊಡಬೇಕಾದ ಹೊತ್ತು ಬಂದು, ಅಕ್ಕ ಒಂದೇ ಒಂದು ಸಲ ಯಾರೂ ಇಲ್ಲದೆ ಬಾಗಿಲು ಹಾಕಿಕೊಂಡಳು. ಅವಳ ಎಡಗಿವಿ ಇವತ್ತಿಗೂ ಕೇಳಿಸುವುದಿಲ್ಲ. ಅದರ ಬಗ್ಗೆ ಅವಳು ಇಷ್ಟೇ ಹೇಳುತ್ತಿದ್ದಳು: "ಅವತ್ತು ಹೊರಗೆ ಯಾರೂ ಕೂತಿರ್ಲಿಲ್ಲ." ಯಂತ್ರವನ್ನು ಅವಳು ಹಾಕಿಕೊಂಡಿದ್ದದ್ದೂ ಬಲಗಿವಿ ಗೋಡೆಯ ಕಡೆ ಬರುವ ಹಾಗೆ.

ತಂಗಿ ಅವಳ ಸ್ವಂತ ತಂಗಿಯಲ್ಲ. ಬಟ್ಟೆ ಕಾರ್ಖಾನೆಯೊಂದು ಮುಚ್ಚಿದಾಗ ಕೆಲಸ ಹೋಗಿ, ಬೇರೆ ಎರಡು ಮೂರು ಕಡೆ ಕೈಸುಟ್ಟುಕೊಂಡು ಬಂದವಳು. ಬಾಯಿ ಜೋರು. ನನ್ನ ಅಂಗಡಿಗೆ ಬಂದರೆ ಔಷಧಿ ಡಬ್ಬಗಳ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ, "ಇದರಲ್ಲಿ ವಾಂತಿ ಆಗ್ಬಹುದು ಅಂತ ಬರೆದಿದೆಯಲ್ಲ, ಅದಕ್ಕೆ ಬೇರೆ ದುಡ್ಡಾ?" ಎಂದು ಕೇಳಿ ಬೇರೆ ಗಿರಾಕಿಗಳನ್ನೂ ನಗಿಸುತ್ತಿದ್ದಳು. ಅಕ್ಕನ ಸೊಂಟ ಕೈಕೊಟ್ಟ ಮೇಲೆ ಮನೆ ನಡೆಸಿದವಳು ಅವಳೇ. ಅಕ್ಕನಿಗೆ ಮುಲಾಮು, ಅಕ್ಕನಿಗೆ ಬಿಸಿನೀರಿನ ಚೀಲ, ಅಕ್ಕನಿಗೆ ಮೆತ್ತನೆಯ ಚಪ್ಪಲಿ. ಯಾರು ಯಾರ ಅನ್ನ ತಿನ್ನುತ್ತಿದ್ದಾರೆ ಎಂಬ ಪ್ರಶ್ನೆ ಆ ಮನೆಯಲ್ಲಿ ಎದ್ದಿರಲೇ ಇಲ್ಲ. ಅದನ್ನು ಎಬ್ಬಿಸಿದ್ದು ಸರ್ಕಾರ.

ಅಲ್ಲಿಯವರೆಗೆ ಹಿಂದಿನ ಬೀದಿ ಸರಿಯೋ ತಪ್ಪೋ ಎಂದು ಯಾರೂ ತೀರ್ಮಾನಿಸಿರಲಿಲ್ಲ. ಪುರಸಭೆ ಕಂಡೂ ಕಾಣದ ಹಾಗಿತ್ತು. ಆಗಾಗ ಡಾಕ್ಟರು ಬಂದು ನೋಡಿ ಹೋಗುತ್ತಿದ್ದರು, ಪುರಸಭೆಯವರು ಒಗೆದ ಬಟ್ಟೆ ಬೀದಿಗೆ ಕಾಣುವ ಹಾಗೆ ಒಣಗಿಸಬೇಡಿ ಅನ್ನುತ್ತಿದ್ದರು, ಅಷ್ಟೆ. ಆಗ ರಾಜಧಾನಿಯಲ್ಲಿ ಒಂದು ಮಸೂದೆ ಬಂತು. ಈ ಕಸುಬು ಕಾನೂನುಬದ್ಧವೋ ಅಲ್ಲವೋ ಎನ್ನುವುದನ್ನು ಇಡೀ ದೇಶಕ್ಕೆ ಒಂದೇ ಸಲ ರಾಜಧಾನಿ ಹೇಳಬೇಕೋ, ಅಥವಾ ಊರೂರಿನ ಪುರಸಭೆಗಳು ತಂತಮ್ಮ ಊರಿಗೆ ಬೇಕಾದ ಹಾಗೆ ಹೇಳಿಕೊಳ್ಳಬೇಕೋ ಎಂದು ಜಗಳ ಶುರುವಾಯಿತು. ಪತ್ರಿಕೆ ತೆರೆದರೆ ಅದೇ. ಕೆಮ್ಮಿನ ಔಷಧಿಗೆ ಬಂದವರು ಕೆಮ್ಮುವುದನ್ನು ಮರೆತು ನನ್ನ ಕಟ್ಟೆಯ ಮೇಲೆ ಅದನ್ನೇ ಚರ್ಚೆ ಮಾಡಿದರು. ಊರಿಗೊಂದು ಕಾನೂನಾದರೆ ಬಸ್ಸಿನಲ್ಲಿ ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ಗೌರವಸ್ಥ ಹೆಂಗಸು ಅಪರಾಧಿಯಾಗಿಬಿಡುತ್ತಾಳಲ್ಲ ಎಂದು ಒಬ್ಬರು. ರಾಜಧಾನಿಯಲ್ಲಿ ಕೂತವರಿಗೆ ನಮ್ಮ ಬೀದಿಯ ಚರಂಡಿ ಎಲ್ಲಿದೆ ಅಂತಲೇ ಗೊತ್ತಿಲ್ಲ, ಅವರು ಇದನ್ನೇನು ತೀರ್ಮಾನಿಸುತ್ತಾರೆ ಎಂದು ಇನ್ನೊಬ್ಬರು. ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು, ಅದಕ್ಕೇ ನನಗೆ ರೇಗುತ್ತಿತ್ತು. ಮಾತಾಡುತ್ತಿದ್ದವರಲ್ಲಿ ಕೆಲವರ ಬೆನ್ನು ನನಗೆ ಚೆನ್ನಾಗಿ ಪರಿಚಯವಿತ್ತು.

ಮೊದಲು ಬಂದವಳು ರಾಜಧಾನಿಯ ಕಡೆಯ ವಕೀಲೆ. ಒಳ್ಳೆಯ ಹೆಂಗಸು, ಅದನ್ನು ಹೇಳಲೇಬೇಕು. ಮೂಗು ಮುಚ್ಚಿಕೊಳ್ಳದೆ ಬೆಂಚಿನ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ತಮ್ಮ ಮಸೂದೆಯನ್ನು ಅಕ್ಕನಿಗೂ ತಂಗಿಗೂ ಬಿಡಿಸಿ ಹೇಳಿದಳು. ನಾನು ಮುಲಾಮು ಕೊಡಲು ಹೋದವಳು ಅಲ್ಲೇ ನಿಂತೆ.

"ಮೈ ಮಾರೋ ಹೆಂಗಸಿನ ಮೇಲೆ ಇನ್ಮುಂದೆ ಕೇಸು ಇರೋದಿಲ್ಲ ಅಮ್ಮ. ಎಲ್ಲಾ ಊರಲ್ಲೂ ಅದೇ. ಅವಳ ದುಡಿಮೆ ಮೇಲೆ ಬದುಕೋರು ಇದಾರಲ್ಲ, ದಲ್ಲಾಳಿಗಳು, ಮನೆ ನಡೆಸೋರು, ಅವರಿಗೆ ಮಾತ್ರ ಶಿಕ್ಷೆ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಒಳ್ಳೇದಾಯ್ತು. ನಾನು ಇಲ್ಲಿ ಕೂತ್ಕೋಬಹುದಾ?"

"ಅಂದ್ರೆ?"

"ಹೀಗೆ, ಈಗ ಕೂತಿದೀನಲ್ಲ, ಹೀಗೆ. ಇವಳು ಒಳಗಿದ್ದಾಗ."

ವಕೀಲೆ ಅಕ್ಕನನ್ನು, ಒಳಕೋಣೆಯ ಪರದೆಯನ್ನು, ಮತ್ತೆ ಅಕ್ಕನನ್ನು ನೋಡಿದಳು. "ನಿಮ್ಮ ಖರ್ಚು ಯಾರು ನೋಡ್ಕೋತಾರೆ?"

"ನಾನೇ" ಎಂದಳು ತಂಗಿ.

"ಹಾಗಾದ್ರೆ..." ವಕೀಲೆ ಲೋಟ ಕೆಳಗಿಟ್ಟಳು. "ಬರೆದಿರೋ ಮಾತಿನ ಪ್ರಕಾರ ನೋಡಿದ್ರೆ ಕಷ್ಟ. ದಲ್ಲಾಳಿ ಬೇರೆ, ನೀವು ಬೇರೆ ಅನ್ನೋದನ್ನ ಹೇಗೆ ಬರೆಯೋದು ಅಂತ ನನಗೂ ನಿಜವಾಗಿ ಗೊತ್ತಿಲ್ಲ. ಕೇಳಿ ನೋಡ್ತೀನಿ."

ಕೇಳಿರಬಹುದು. ಉತ್ತರವಂತೂ ಬರಲಿಲ್ಲ.

ಆಮೇಲೆ ಬಂದವನು ನಮ್ಮ ವಾರ್ಡಿನ ಮೆಂಬರ್. ಅವನು ನಮ್ಮ ಅಂಗಡಿಯಲ್ಲಿ ಹೊಟ್ಟೆಯುರಿಗೆ ಮಾತ್ರೆ ತೆಗೆದುಕೊಳ್ಳುವವನು, ಮನಸ್ಸಿನಲ್ಲಿ ಕೆಟ್ಟವನಲ್ಲ, ಆದರೆ ಯಾವ ಮಾತನ್ನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುವುದರಲ್ಲಿ ಎತ್ತಿದ ಕೈ. ಬಾಗಿಲ ಹೊರಗೇ ನಿಂತು ಮಾತಾಡಿದ, ಒಳಗೆ ಬಂದರೆ ಯಾರಾದರೂ ನೋಡಿಯಾರೆಂದು.

"ರಾಜಧಾನಿಯವರ ಮಾತು ನಂಬ್ಕೊಂಡು ಕೂರ್ಬೇಡಿ ಅಮ್ಮ. ಅವರಿಗೆ ನೀವು ಯಾರು ಅಂತ್ಲೇ ಗೊತ್ತಿಲ್ಲ. ನಮ್ಮೂರಿನ ವಿಷಯ ನಮ್ಮೂರಲ್ಲೇ ತೀರ್ಮಾನ ಆಗ್ಬೇಕು ಅಂತ ನಾವು ನಿರ್ಣಯ ಮಾಡ್ತಿದೀವಿ. ನೀವೂ ಸಭೆಗೆ ಬಂದು ನಾಲ್ಕು ಮಾತು ಹೇಳಿದ್ರೆ ನಮಗೆ ಬಲ ಬರುತ್ತೆ."

"ಬರ್ತೀನಿ ಮೆಂಬರ್ರೇ. ಊರಲ್ಲೇ ತೀರ್ಮಾನ ಆದ್ರೆ ನಾನು ಇಲ್ಲಿ ಕೂತ್ಕೋಬಹುದಾ?"

"ನಿಮ್ಮನ್ನ ಎದ್ದೇಳಿ ಅನ್ನೋರು ಯಾರಮ್ಮ. ಇಷ್ಟು ವರ್ಷದಿಂದ ನೋಡ್ತಾ ಇಲ್ವಾ ನಿಮ್ಮನ್ನ?"

ಅದು ಹೌದು ಅನ್ನುವ ಮಾತಲ್ಲ. ಆದರೆ ಅಕ್ಕ ಅದನ್ನು ಹೌದು ಎಂದೇ ತೆಗೆದುಕೊಂಡಳು. ನನಗೆ ಆಗಲೇ ಅನುಮಾನವಿತ್ತು. ಹೇಳಿದೆ ಕೂಡ. "ಗೊತ್ತಿರೋರು ಕೈಬಿಡೋದಿಲ್ಲ ಕಣೇ" ಎಂದಳು. ಇಷ್ಟೆಲ್ಲ ಕಂಡ ಹೆಂಗಸು ಅಷ್ಟು ಸುಲಭವಾಗಿ ನಂಬಿದ್ದು ನೋಡಿ ನನಗೆ ಸಂಕಟವಾಯಿತು. ಬಹುಶಃ ನಂಬದೆ ಇರುವುದಕ್ಕೂ ಶಕ್ತಿ ಬೇಕಾಗುತ್ತದೆ, ಅವಳಲ್ಲಿ ಅದು ಮುಗಿದುಹೋಗಿತ್ತು.

ಸಭೆಯ ದಿನ ಅಂಗಡಿಯನ್ನು ಅತ್ತೆಗೆ ವಹಿಸಿ ನಾನೂ ಅವಳ ಜೊತೆ ಹೋದೆ. ಪುರಸಭೆಯ ದೊಡ್ಡ ಕೋಣೆ, ಮೇಲೆ ನಿಧಾನವಾಗಿ ತಿರುಗುವ ಫ್ಯಾನುಗಳು, ಸದಸ್ಯರ ಮುಂದೆ ನೀರಿನ ಬಾಟಲಿಗಳು. ನಮ್ಮನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಅಕ್ಕನ ಅಕ್ಕಪಕ್ಕದ ಕುರ್ಚಿಯವರು ನಯವಾಗಿ ಎದ್ದು ಬೇರೆ ಕಡೆ ಹೋದರು. "ಕಾಲು ಚಾಚೋಕೆ ಜಾಗ ಆಯ್ತು ಬಿಡು" ಎಂದಳು ಅಕ್ಕ.

ಭಾಷಣಗಳು ಬಹಳ ಹೊತ್ತು ನಡೆದವು. ಎಲ್ಲರೂ ಅಧಿಕಾರದ ಬಗ್ಗೆ ಮಾತಾಡಿದರು. ರಾಜಧಾನಿ ನಮ್ಮ ಕೈಯಿಂದ ಒಂದೊಂದೇ ಕಿತ್ತುಕೊಳ್ಳುತ್ತಿದೆ, ಮೊದಲು ನೀರು, ಆಮೇಲೆ ರಸ್ತೆ, ಈಗ ಇದು, ಎಂದು ಒಬ್ಬ ಹಿರಿಯ ಸದಸ್ಯ ಗದ್ಗದಿತನಾದ. ಇದು ಅಂದರೆ ಏನು ಎಂದು ಆತ ಬಾಯಿಬಿಟ್ಟು ಹೇಳಲಿಲ್ಲ. ಬೀದಿಯ ಹೆಂಗಸರ ಬಗ್ಗೆ ಯಾರೂ ಕೆಟ್ಟ ಮಾತೂ ಆಡಲಿಲ್ಲ, ಒಳ್ಳೆಯ ಮಾತೂ ಆಡಲಿಲ್ಲ. ಕೊನೆಗೆ ಅಧ್ಯಕ್ಷರು ಅಕ್ಕನನ್ನು ಕರೆದರು. ಅವಳು ಸೊಂಟ ಹಿಡಿದುಕೊಂಡು ಮುಂದೆ ಹೋಗಿ ಮೈಕಿನ ಮುಂದೆ ನಿಂತಳು.

"ನೀವು ಅಲ್ಲಿ ಮನೆ ಮಾಲಕಿನಾ?" ಎಂದು ಅಧ್ಯಕ್ಷರು ಕೇಳಿದರು.

"ಅಲ್ಲ ಸ್ವಾಮಿ. ಮನೆ ಬಾಡಿಗೇದು."

"ಹಾಗಾದ್ರೆ ನೀವೂ..." ಅವರು ಮಾತು ನುಂಗಿದರು.

"ಈಗಿಲ್ಲ. ಈಗ ಹೊರಗೆ ಕೂತ್ಕೋತೀನಿ. ಒಳಗಿರೋಳಿಗೆ ಏನೂ ಆಗದ ಹಾಗೆ. ಅದನ್ನ ಒಂದು ಸ್ವಲ್ಪ ನಿಮ್ಮ ನಿರ್ಣಯದಲ್ಲಿ ಬರೆಸ್ಬಿಡಿ. ಹೊರಗೆ ಒಬ್ಬರು ಕೂತಿರ್ಬಹುದು ಅಂತ. ಬೇರೆ ಏನೂ ಬೇಡ ನಮಗೆ."

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಅವರನ್ನು ಗದರಿಸಿ, ಅಕ್ಕನಿಗೆ ಕೈಮುಗಿದು, ಸಲಹೆಯನ್ನು ಗಮನಿಸಲಾಗಿದೆ ಎಂದರು. ನಮ್ಮೂರಿನ ವಿಷಯದಲ್ಲಿ ನಮ್ಮದೇ ತೀರ್ಮಾನ ಎಂಬ ನಿರ್ಣಯ ಒಂದೇ ಧ್ವನಿಯಲ್ಲಿ ಪಾಸಾಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು.

ಇಂಥ ನಿರ್ಣಯಗಳು ಬೇರೆ ಊರುಗಳಿಂದಲೂ ಹೋಗಿದ್ದವಂತೆ. ರಾಜಧಾನಿಯವರಿಗೂ ಆ ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಳ್ಳುವ ಆಸೆ ಇರಲಿಲ್ಲ. ಕಸುಬು ಕಾನೂನುಬದ್ಧವೋ ಅಲ್ಲವೋ, ಹೌದಾದರೆ ಹೇಗೆ, ಎಲ್ಲವನ್ನೂ ಸ್ಥಳೀಯರೇ ತೀರ್ಮಾನಿಸಲಿ ಎಂದು ಕೈತೊಳೆದುಕೊಂಡರು. ಮೆಂಬರ್ ಅಂಗಡಿಗೆ ಬಂದು, "ಗೆದ್ವಿ" ಎಂದ. ಅವತ್ತು ಮಾತ್ರೆ ತೆಗೆದುಕೊಳ್ಳಲಿಲ್ಲ.

ಗೆದ್ದ ಮೇಲೆ ಅವರಿಗೆ ಭಯ ಹತ್ತಿತು. ಅಲ್ಲಿಯವರೆಗೆ ಬೈಯಲು ರಾಜಧಾನಿ ಇತ್ತು, ಈಗ ತೀರ್ಮಾನದ ಕೆಳಗೆ ತಮ್ಮದೇ ಸಹಿ ಬೀಳಬೇಕು. ಪಕ್ಕದ ಊರು ಬಿಗಿಯಾದ ನಿಯಮ ಮಾಡಿತು ಎಂಬ ಸುದ್ದಿ ಬಂತು. ಅವರು ಬಿಗಿ ಮಾಡಿ ನಾವು ಸಡಿಲ ಬಿಟ್ಟರೆ ಎಲ್ಲರೂ ಇಲ್ಲಿಗೇ ಬರುತ್ತಾರೆ, ಊರಿಗೆ ಕೆಟ್ಟ ಹೆಸರು ಬರುತ್ತದೆ, ಚುನಾವಣೆ ಹತ್ತಿರವಿದೆ ಎಂದು ನಮ್ಮವರು ಇನ್ನೂ ಬಿಗಿ ಮಾಡಿದರು. ಕಸುಬಿಗೆ ಅನುಮತಿ ಉಂಟು. ಆದರೆ ಒಂದು ಮನೆಗೆ ಒಬ್ಬಳೇ ಹೆಂಗಸು. ಅವಳನ್ನು ಬಿಟ್ಟು ಇನ್ಯಾರಾದರೂ ಆ ಮನೆಯಲ್ಲಿ ಇದ್ದರೆ, ಕಸುಬಿನ ಹೊತ್ತಿನಲ್ಲಿ ಅಲ್ಲಿ ಕಂಡರೆ, ಅವರು ಮನೆ ನಡೆಸುವವರು. ಅದು ಅಪರಾಧ. ದಲ್ಲಾಳಿಗಳನ್ನು ಮಟ್ಟ ಹಾಕಲು ಎಂದು ಮೇಲೆ ಬರೆದಿತ್ತು. ನಮ್ಮ ಬೀದಿಯ ದಲ್ಲಾಳಿಗಳು ಅಷ್ಟು ಹೊತ್ತಿಗೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ, ಮೊಬೈಲಿನಲ್ಲಿ ವ್ಯವಹಾರ ಶುರುಮಾಡಿ ಆಗಿತ್ತು. ಸಿಕ್ಕಿಬಿದ್ದವರು ಹೊರಕೋಣೆಯ ಮುದುಕಿಯರು.

ಮೆಂಬರ್ ಈ ಸಲ ಮನೆಯ ಒಳಗೇ ಬಂದ, ಬೆಂಚಿನ ತುದಿಯಲ್ಲಿ ಕೂತ. "ನಾನು ಹೇಳಿದೆ ಅಮ್ಮ. ಒಬ್ಬನ ಮಾತು ನಡೀಲಿಲ್ಲ. ಮೇಲಿನವರ ಮಸೂದೆ ಬಂದಿದ್ರೂ ನಿಮ್ಮ ವಿಷಯದಲ್ಲಿ ಹೀಗೇ ಆಗ್ತಿತ್ತಲ್ವಾ?"

"ಹೌದು" ಎಂದಳು ಅಕ್ಕ. ಅವಳಿಗೆ ಜಗಳವಾಡುವ ಮನಸ್ಸೂ ಇರಲಿಲ್ಲ. ತಂಗಿ ಮಾತ್ರ ಅವನ ಏಳು ತಲೆಮಾರಿಗೂ ಸಾಕಾಗುವಷ್ಟು ಬೈದಳು. ಅವನು ತಲೆತಗ್ಗಿಸಿ ಕೇಳಿಸಿಕೊಂಡು ಹೋದ.

ಬೇರೆ ಮನೆಗಳ ಹೊರಕೋಣೆಗಳು ಒಂದೊಂದಾಗಿ ಖಾಲಿಯಾದವು. ಅಕ್ಕ ಎಲ್ಲಿಗೂ ಹೋಗಲಿಲ್ಲ. ಅವಳ ತಲೆಗೆ ಒಂದು ಉಪಾಯ ಹೊಳೆದಿತ್ತು. ನನ್ನ ಅಂಗಡಿಯ ಹಿಂದಿನ ದಾಸ್ತಾನು ಕೋಣೆಗೂ ತಂಗಿಯ ಒಳಕೋಣೆಗೂ ಇರುವುದು ಒಂದೇ ಗೋಡೆ. ಆ ಮನೆಯಲ್ಲಿ ಇರಬಾರದು ಅಂದರು, ಪಕ್ಕದ ಮನೆಯಲ್ಲಿ ಇರಬಾರದು ಎಂದು ಯಾರೂ ಹೇಳಿಲ್ಲ. "ಗೋಡೆ ಯಾವ ಕಡೆಯಿಂದ ತಟ್ಟಿದ್ರೂ ಗೋಡೆನೇ ಅಲ್ವಾ?" ಎಂದು ನನ್ನ ಮುಂದೆ ಬಂದು ನಿಂತಳು. ನಾನು ಹೂಂ ಅಂದೆ. ನಮ್ಮ ಅತ್ತೆ ಮೂಗು ಮುರಿದರು. "ಇನ್ನು ಇದೊಂದು ಬಾಕಿ ಇತ್ತು ನಮ್ಮನೆಗೆ. ನಾಳೆ ಅಂಗಡಿ ಬೋರ್ಡ್ ಬದಲಾಯಿಸೋಣ" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಅಕ್ಕ ಅವರ ಕನ್ನಡಕದ ಚೀಲಕ್ಕೆ ಗುಂಡಿ ಹೊಲಿದುಕೊಟ್ಟಳು. ಆಮೇಲೆ ಅತ್ತೆಯೇ ಅವಳಿಗೆ ಎರಡು ಹೊತ್ತಿನ ಚಹಾ ಕೊಂಡೊಯ್ಯತೊಡಗಿದರು, ಬೈಯುತ್ತಲೇ.

ಔಷಧಿಯ ರಟ್ಟಿನ ಪೆಟ್ಟಿಗೆಗಳ ನಡುವೆ ಯಂತ್ರ ಇಟ್ಟುಕೊಂಡು, ಬಲಗಿವಿ ಗೋಡೆಗೆ ಕೊಟ್ಟು ಅವಳು ಕೂತಳು. ಮೊದಲ ದಿನ ಇಬ್ಬರೂ ಎರಡೂ ಕಡೆಯಿಂದ ತಟ್ಟಿ ನೋಡಿಕೊಂಡರು. ಕೇಳಿಸುತ್ತಿತ್ತು, ಸ್ವಲ್ಪ ಮಂಕಾಗಿ. ಆದರೆ ಹಿಂದೆ ಅಕ್ಕನಿಗೂ ತಂಗಿಗೂ ನಡುವೆ ಇದ್ದದ್ದು ಒಂದು ಬಾಗಿಲು. ಈಗ ಅವಳು ಎದ್ದು, ಪೆಟ್ಟಿಗೆಗಳ ಸಂದಿಯಲ್ಲಿ ನುಸುಳಿ, ಅಂಗಡಿ ದಾಟಿ, ಮೂಲೆ ಸುತ್ತಿ, ಸವೆದ ಮೆಟ್ಟಿಲು ಹತ್ತಬೇಕು. ಬಂದವನ ಮುಖ ನೋಡುವವರೂ ಯಾರೂ ಇಲ್ಲ. ಅಕ್ಕ ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಅದೇ ಅವಳನ್ನು ತಿನ್ನುತ್ತಿತ್ತು. ಮೊದಲಿಗಿಂತ ಹೆಚ್ಚು ಸಲ ತಟ್ಟುತ್ತಿದ್ದಳು. "ಗಿರಾಕಿಗಳು ಬೇಜಾರು ಮಾಡ್ಕೋತಾರೆ ಅಕ್ಕ, ಇಲಿ ಇದೆ ಅಂತ ಹೇಳಿ ಹೇಳಿ ಸಾಕಾಯ್ತು" ಎಂದು ತಂಗಿ ಗೊಣಗಿದಳು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಲಿಗೆ ಕಡಿಮೆಯಾಯಿತು. ಕೆಲವು ಸಲ ನಾನು ಹೋಗಿ ನೋಡಿದರೆ ಯಂತ್ರ ನಿಂತಿರುತ್ತಿತ್ತು, ಅವಳು ಗೋಡೆಗೆ ಕಿವಿ ಒತ್ತಿ ಕಣ್ಣುಮುಚ್ಚಿ ಕೂತಿರುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ವಿಟಮಿನ್ ಮಾತ್ರೆ ಕೊಟ್ಟೆ. ನನ್ನ ಹತ್ತಿರ ಇದ್ದದ್ದು ಅದೇ.

ಅವತ್ತು ಮಧ್ಯಾಹ್ನ ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಅಂಗಡಿಯಲ್ಲಿ ಒಬ್ಬ ಗಿರಾಕಿ ಮಗುವಿನ ಜ್ವರದ ಔಷಧಿ ಹೇಗೆ ಕೊಡಬೇಕು ಎಂದು ಕೇಳುತ್ತಿದ್ದ. ದಾಸ್ತಾನು ಕೋಣೆಯಿಂದ ಅಕ್ಕ ಗೋಡೆ ತಟ್ಟುವ ಸದ್ದು ಕೇಳಿಸಿತು. ಮತ್ತೆ ತಟ್ಟಿದಳು. ಮೂರನೆಯ ಸಲ ಕತ್ತರಿಯಿಂದ ಗುದ್ದಿದ ಹಾಗಿತ್ತು. ಆಮೇಲೆ ಪೆಟ್ಟಿಗೆಗಳು ಉರುಳಿದವು, ಅಕ್ಕ ಬರಿಗಾಲಲ್ಲಿ, ಸೊಂಟವನ್ನು ಎಳೆದುಕೊಂಡು, ನನ್ನನ್ನು ನೋಡದೆ ಅಂಗಡಿ ದಾಟಿ ಹೋದಳು. ಗಿರಾಕಿಯ ಕೈಗೆ ಬಾಟಲಿ ತುರುಕಿ ನಾನೂ ಓಡಿದೆ.

ನಾನು ತಲುಪುವ ಹೊತ್ತಿಗೆ ಒಳಕೋಣೆಯ ಬಾಗಿಲು ತೆರೆದಿತ್ತು. ತಂಗಿ ಗೋಡೆಯ ಬುಡದಲ್ಲಿ ಕುಸಿದು ಕೂತಿದ್ದಳು. ಕತ್ತಿನ ಎರಡೂ ಕಡೆ ಬೆರಳಿನ ಗುರುತು ಮೂಡಿತ್ತು, ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಅಕ್ಕ ಅವಳನ್ನು ತಬ್ಬಿಕೊಂಡು ಬೆನ್ನು ಸವರುತ್ತಿದ್ದಳು. ಗಂಡಸು ಮಂಚದ ಆ ಕಡೆ ಮೊಣಕೈ ಹಿಡಿದುಕೊಂಡು ಕಿರುಚುತ್ತಿದ್ದ. ಕತ್ತರಿಯ ಹಿಡಿಯಿಂದ ಬಿದ್ದ ಏಟು ಅದು. ಮೂಳೆಗೇನೂ ಆಗಿರಲಿಲ್ಲ, ಮಾನಕ್ಕೆ ಆಗಿತ್ತು. ಪೊಲೀಸರಿಗೆ ಫೋನ್ ಮಾಡಿದವನು ಅವನೇ.

ಇನ್ಸ್‌ಪೆಕ್ಟರ್ ಬಂದ. ನಡುವಯಸ್ಸಿನವನು, ನಿದ್ದೆಗೆಟ್ಟ ಮುಖ. ತಂಗಿಯ ಕತ್ತನ್ನು ನೋಡಿದ, ಗಂಡಸಿನ ಮೊಣಕೈಯನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿ ಉಸಿರುಬಿಟ್ಟ.

"ನೀವು ಈ ಮನೇಲಿ ಯಾಕಿದೀರಿ?"

"ಅವಳು ತಿರುಗಿ ತಟ್ಟಲಿಲ್ಲ" ಎಂದಳು ಅಕ್ಕ.

"ಸರ್, ಅವನು ಕತ್ತು ಹಿಚುಕಿದಾನೆ. ಕಾಣಿಸ್ತಿಲ್ವಾ ನಿಮಗೆ?" ಎಂದು ನಾನು ನಡುವೆ ಬಂದೆ. ನನಗೆ ಕೋಪ ನೆತ್ತಿಗೇರಿತ್ತು.

"ಕಾಣಿಸ್ತಿದೆ ಅಮ್ಮ. ಈಕೆ ದೂರು ಕೊಡ್ಲಿ, ತಗೋತೀನಿ. ಇಲ್ಲಿಗೆ ಬರೋದು ಅವನಿಗೆ ತಪ್ಪಲ್ಲ, ಇಲ್ಲಿರೋದು ಈಕೆಗೆ ತಪ್ಪಲ್ಲ. ಹಿಚುಕಿದ್ದು ತಪ್ಪು. ಅದನ್ನ ನೋಡಿದೋರು ಯಾರು?"

"ಅಕ್ಕ ನೋಡಿದಾಳೆ."

"ಅವರು ಆರೋಪಿ. ಕಸುಬಿನ ಹೊತ್ತಲ್ಲಿ ಮನೇಲಿ ಸಿಕ್ಕಿದಾರೆ, ಕೈಯಲ್ಲಿ ಆಯುಧ ಬೇರೆ. ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಏನೋ ಹೇಳಲು ಹೋದಳು, ಬೀದಿಗೆಲ್ಲ ಕೇಳಿಸುವ ಹಾಗೆ ಬೈಯುತ್ತಿದ್ದ ಆ ಗಂಟಲಿನಿಂದ ಒಂದು ಅಕ್ಷರವೂ ಹೊರಡಲಿಲ್ಲ. ಅಕ್ಕನನ್ನು ಜೀಪಿಗೆ ಹತ್ತಿಸಿದರು. ಗಂಡಸು ಅಂಗಿಯ ಗುಂಡಿ ಹಾಕಿಕೊಂಡು ನನ್ನ ಅಂಗಡಿಯ ಮುಂದಿನಿಂದಲೇ ನಡೆದು ಹೋದ.

ಡಾಕ್ಟರನ್ನು ಕರೆಸಿ ತಂಗಿಗೆ ತೋರಿಸಿದೆ. ಊತ ಇಳಿಯುತ್ತದೆ, ಮಾತಾಡಿಸಬೇಡಿ ಎಂದರು. ಅವಳನ್ನು ಮಲಗಿಸಿ, ಮಾತ್ರೆ ನುಂಗಿಸಿ, ಒಂದು ಫ್ಲಾಸ್ಕಿನಲ್ಲಿ ಚಹಾ, ಒಂದು ಶಾಲು, ಅಕ್ಕನ ಮುಲಾಮು, ಅವಳ ಮೆತ್ತನೆಯ ಚಪ್ಪಲಿ ಎಲ್ಲ ಚೀಲಕ್ಕೆ ಹಾಕಿಕೊಂಡು ಸಂಜೆಗೆ ಮುಂಚೆಯೇ ಸ್ಟೇಷನ್ನಿಗೆ ಹೋದೆ. ದಾರಿಯಲ್ಲಿ ಮೆಂಬರ್‌ಗೆ ಫೋನ್ ಮಾಡಿದೆ. ಜಾಮೀನಿಗೆ ಯಾರನ್ನಾದರೂ ಕಳಿಸುತ್ತೇನೆ ಎಂದ. ನಿಜವಾಗಿ ನೊಂದುಕೊಂಡ ದನಿಯಲ್ಲೇ, "ಇದನ್ನೆಲ್ಲ ಮೇಲಿನವರೇ ನೋಡ್ಕೊಂಡಿದ್ರೆ ಚೆನ್ನಾಗಿತ್ತು ಅನ್ಸುತ್ತೆ ಈಗ" ಎಂದ. ನಾನು ಫೋನ್ ಇಟ್ಟೆ. ರಾಜಧಾನಿಯವರು, ಪುರಸಭೆಯವರು ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿಕೊಂಡು ಇನ್ನೂ ಎಷ್ಟು ವರ್ಷ ಬೇಕಾದರೂ ಕಳೆಯಬಲ್ಲರು. ಆ ಕ್ಷಣ ನನಗೆ ಅವರಿಬ್ಬರ ಮೇಲೂ ಕೋಪ ಮಾಡಿಕೊಳ್ಳುವಷ್ಟು ಕಸುವು ಉಳಿದಿರಲಿಲ್ಲ.

ಸ್ಟೇಷನ್ನಿನ ಹಿಂಬದಿಯ ಕೋಣೆಯಲ್ಲಿ ಅಕ್ಕನನ್ನು ನೆಲದ ಮೇಲೆ ಕೂರಿಸಿದ್ದರು. ಕಾಲು ಚಾಚಿ, ಬೆನ್ನನ್ನು ಗೋಡೆಗೆ ಕೊಟ್ಟಿದ್ದಳು. ನಾನು ಅವಳ ಬಲಗಡೆ ಕೂತು ಚೀಲದಿಂದ ಒಂದೊಂದೇ ತೆಗೆದಿಟ್ಟೆ. ನಾಳೆ ಜಾಮೀನು ಆಗಬಹುದು, ವಕೀಲರು ಬರುತ್ತಾರಂತೆ, ಹೆದರಬೇಡ ಎಂದು ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲ ಹೇಳಿದೆ. ಅವಳು ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ.

"ಈಗ ಅಲ್ಲಿ ಯಾರು ಕೂತಿದಾರೆ?" ಎಂದು ಕೇಳಿದಳು.

"ಯಾರೂ ಇಲ್ಲ ಅಕ್ಕ. ಅವಳು ಮಲಗಿದಾಳೆ."

"ಬಾಗಿಲು?"

ನಾನು ಅದನ್ನು ಯೋಚಿಸಿರಲಿಲ್ಲ. ಮುಂದಿನ ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಬಂದಿದ್ದೆ. ಆ ಗಂಡಸಿಗೆ ದಾರಿ ಗೊತ್ತು, ಅವಳಿಗೆ ಕೂಗಲು ದನಿಯಿಲ್ಲ.

ಅಕ್ಕ ಚಹಾವನ್ನು ನೆಲದ ಮೇಲಿಟ್ಟಳು. ಅವಳು ರೇಗಲಿಲ್ಲ. ತೀರಾ ಸುಸ್ತಾದವರು ಮಾತಾಡುವ ಹಾಗೆ, ಮೆಲ್ಲಗೆ ಕೇಳಿದಳು.

"ಮತ್ತೆ ನೀನ್ಯಾಕೆ ಇಲ್ಲಿಗೆ ಬಂದೆ?"

ನಾನು ಚೀಲವನ್ನು ಅಲ್ಲೇ ಬಿಟ್ಟು ಎದ್ದೆ.